ಪ್ರಾಕ್ಸ್‌ಮಾಕ್ಸ್‌ನ ಸರ್ವಿಸ್ ಪಟ್ಟಿ: ‘ರನ್ನಿಂಗ್’ ಎಂಬ ಮಾತನ್ನು ಎಷ್ಟು ನಂಬಬಹುದು?

ಮಂಗಳೂರು, ಉಡುಪಿಯ ಸಣ್ಣ ಕಚೇರಿಗಳಲ್ಲಿ ಸರ್ವರ್ ಎಂದರೆ ಹೆಚ್ಚಾಗಿ ಒಂದೇ ಪೆಟ್ಟಿಗೆ. ಸಹಕಾರ ಸಂಘವಿರಲಿ, ರಕ್ತಪರೀಕ್ಷೆಯ ಲ್ಯಾಬ್ ಇರಲಿ, ಬೈಕಂಪಾಡಿಯ ಕಾರ್ಖಾನೆ ಅಥವಾ ಮಲ್ಪೆಯ ಐಸ್ ಪ್ಲಾಂಟ್‌ನ ಆಫೀಸ್ ಇರಲಿ, ಟ್ಯಾಲಿ, ಬಿಲ್ಲಿಂಗ್, ಕಡತ ಹಂಚಿಕೆ, ಕ್ಯಾಮೆರಾ ರೆಕಾರ್ಡಿಂಗ್ ಎಲ್ಲ ಆ ಒಂದರೊಳಗಿನ ನಾಲ್ಕೈದು ವಿಎಂಗಳಲ್ಲೇ (ತಂತ್ರಾಂಶದಿಂದ ಕಟ್ಟಿದ ಪ್ರತ್ಯೇಕ ಕಂಪ್ಯೂಟರ್‌ಗಳಲ್ಲಿ) ನಡೆಯುತ್ತವೆ. ಅಂಥ ಹೋಸ್ಟ್‌ಗೆ, ಅಂದರೆ ವಿಎಂಗಳನ್ನು ಹೊತ್ತ ಯಂತ್ರಕ್ಕೆ, ಅವನ್ನು ನಡೆಸುವ ತಂತ್ರಾಂಶವಾದ ಪ್ರಾಕ್ಸ್‌ಮಾಕ್ಸ್ ವಿಇ ಹಾಕುವವರಿಗೆಂದು ಈ ವಿಮರ್ಶೆ. ಇಡೀ ತಂತ್ರಾಂಶದ ಗುಣಗಾನ ಇಲ್ಲಿಲ್ಲ. ಹೋಸ್ಟ್‌ನ ಸರ್ವಿಸ್‌ಗಳು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳು) ಸರಿಯಾಗಿವೆಯೇ ಎಂದು ತಿಳಿಯಲು ಅದು ಕೊಡುವ ಪರದೆ ಎಷ್ಟು ಉಪಯುಕ್ತ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ವಿಷಯ. ನಮ್ಮ ತೀರ್ಪು ಮೊದಲೇ ಹೇಳುವುದಾದರೆ: ಪಟ್ಟಿ ಅಚ್ಚುಕಟ್ಟಾಗಿದೆ, ಲಾಗ್ ಕೈಗೆಟಕುವಂತಿದೆ. ಆದರೆ ‘ರನ್ನಿಂಗ್’ ಎಂದು ತೋರಿಸುವ ಸರ್ವಿಸ್ ಬದುಕಿದೆ ಎಂದಷ್ಟೇ ಅರ್ಥ, ಕೆಲಸ ಮಾಡುತ್ತಿದೆ ಎಂದಲ್ಲ. ಇದನ್ನು ತಿಳಿಯದೆ ಬಳಸಿದರೆ ತೊಂದರೆಯ ದಿನ ತಪ್ಪು ಕಡೆ ಹುಡುಕುತ್ತಾ ಅರ್ಧ ದಿನ ಕಳೆದುಹೋಗುತ್ತದೆ.

ಪ್ರಾಕ್ಸ್‌ಮಾಕ್ಸ್ ವಿಇ ಆಸ್ಟ್ರಿಯಾದ ವಿಯೆನ್ನಾದ ಕಂಪೆನಿಯೊಂದರ ಉತ್ಪನ್ನ. 2008ರಲ್ಲಿ ಮೊದಲ ಆವೃತ್ತಿ ಬಂತು. ತಳದಲ್ಲಿ ಡೆಬಿಯನ್ ಲಿನಕ್ಸ್. ವಿಎಂಗಳನ್ನು ಓಡಿಸುವುದು ಕೆವಿಎಂ; ಹೋಸ್ಟ್‌ನ ಕರ್ನಲ್ ಅನ್ನೇ ಹಂಚಿಕೊಳ್ಳುವ ಹಗುರವಾದ ಕಂಟೇನರ್‌ಗಳನ್ನು ಓಡಿಸುವುದು ಎಲ್‌ಎಕ್ಸ್‌ಸಿ. 2023ರ 8ನೇ ಆವೃತ್ತಿ ಡೆಬಿಯನ್ 12ರ ಮೇಲೆ, 2025ರ 9ನೇ ಆವೃತ್ತಿ ಡೆಬಿಯನ್ 13ರ ಮೇಲೆ ನಿಂತಿದೆ. ಬಳಸಲು ಹಣ ಕೊಡಬೇಕಿಲ್ಲ. ಬೆಂಬಲ ಮತ್ತು ಹೆಚ್ಚು ಪರೀಕ್ಷಿಸಿದ ಅಪ್‌ಡೇಟ್ ಬೇಕಿದ್ದರೆ ಸಿಪಿಯು ಸಾಕೆಟ್ ಲೆಕ್ಕದಲ್ಲಿ ವಾರ್ಷಿಕ ಚಂದಾ ಇದೆ. ಚಂದಾ ಇಲ್ಲದಿದ್ದರೂ ಈಗ ಹೇಳಲಿರುವ ಪರದೆಗಳಲ್ಲಿ ಯಾವುದನ್ನೂ ಮುಚ್ಚಿಟ್ಟಿಲ್ಲ.

ಬ್ರೌಸರ್‌ನಲ್ಲಿ ಹೋಸ್ಟ್‌ನ ಐಪಿ ಮತ್ತು 8006ನೇ ಪೋರ್ಟ್ ಕೊಟ್ಟು ಒಳಗೆ ಹೋಗಿ, ಎಡಗಡೆ ನೋಡ್‌ನ (ಅಂದರೆ ಹೋಸ್ಟ್‌ನ) ಹೆಸರು ಒತ್ತಿ, ‘ಸಿಸ್ಟಮ್’ ಆರಿಸಿದರೆ ಪಟ್ಟಿ ತೆರೆಯುತ್ತದೆ. ಪ್ರತಿ ಸರ್ವಿಸ್‌ನ ಹೆಸರು, ಸ್ಥಿತಿ, ವಿವರಣೆ. ಮೇಲೆ ಸ್ಟಾರ್ಟ್, ಸ್ಟಾಪ್, ರೀಸ್ಟಾರ್ಟ್ ಗುಂಡಿಗಳು. ಪಕ್ಕದ ಸಿಸ್‌ಲಾಗ್ ಗುಂಡಿ ಒತ್ತಿದರೆ ಆ ಒಂದು ಸರ್ವಿಸ್‌ನ ಲಾಗ್ ಮಾತ್ರ ತೆರೆದುಕೊಳ್ಳುತ್ತದೆ. ಇಡೀ ಪರದೆಯಲ್ಲಿ ಅತಿ ಹೆಚ್ಚು ಬೆಲೆಬಾಳುವುದು ಈ ಗುಂಡಿಯೇ. ವೆಬ್ ಪುಟ ಕೊಡುವ ಪಿವಿಇಪ್ರಾಕ್ಸಿ, ಅದರ ಆದೇಶ ನಡೆಸುವ ಪಿವಿಇಡೀಮನ್‌ನಂಥ ಮೂಲ ಸರ್ವಿಸ್‌ಗಳನ್ನು ಇಲ್ಲಿಂದ ನಿಲ್ಲಿಸಲು ಬಿಡುವುದಿಲ್ಲ, ರೀಸ್ಟಾರ್ಟ್ ಮಾತ್ರ ಮಾಡಬಹುದು. ಕೂತ ಕೊಂಬೆಯನ್ನೇ ಕಡಿಯದಂತೆ ಇಟ್ಟ ಈ ತಡೆ ಮೆಚ್ಚತಕ್ಕದ್ದು.

ಹೊಸಬರು ಗಾಬರಿಯಾಗುವುದು ‘ಡೆಡ್’ ಎಂಬ ಪದ ಕಂಡಾಗ. ಒಂಟಿ ಹೋಸ್ಟ್‌ನಲ್ಲಿ ಕೊರೊಸಿಂಕ್ (ಹಲವು ಹೋಸ್ಟ್‌ಗಳನ್ನು ಒಂದು ಗುಂಪಾಗಿ, ಅಂದರೆ ಕ್ಲಸ್ಟರ್ ಆಗಿ, ಜೋಡಿಸುವ ಸರ್ವಿಸ್) ‘ಡೆಡ್’ ಇರಲೇಬೇಕು. ಕ್ಲಸ್ಟರ್ ಮಾಡದ ಹೊರತು ಅದರ ಕಾನ್ಫಿಗ್ ಫೈಲೇ ಇರುವುದಿಲ್ಲ, ಹಾಗಾಗಿ ಏಳುವುದೂ ಇಲ್ಲ. ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ ನಿಂತಿದ್ದರೆ ಗಡಿಯಾರ ಸರಿಯಿಡುವ ಕೆಲಸವನ್ನು ಕ್ರೋನಿ ಎಂಬ ಇನ್ನೊಂದು ಸರ್ವಿಸ್ ವಹಿಸಿಕೊಂಡಿದೆ ಎಂದರ್ಥ. ಕಮಾಂಡ್ ಸಾಲಿನಲ್ಲಿ ಪಿವಿಇ-ಗೆಸ್ಟ್ಸ್ ‘ಆ್ಯಕ್ಟಿವ್, ಎಕ್ಸಿಟೆಡ್’ ಎನ್ನುವುದೂ ಸಹಜ: ಬೂಟ್ ಆದಾಗ ವಿಎಂಗಳನ್ನು ಎಬ್ಬಿಸಿ ತನ್ನ ಕೆಲಸ ಮುಗಿಸಿ ಕೂರುವ ಸರ್ವಿಸ್ ಅದು.

ಇನ್ನೊಂದು ತಳಪಾಯದ ಮಾತು. ಪ್ರತಿ ವಿಎಂ ಪ್ರತ್ಯೇಕವಾದ ಕೆವಿಎಂ ಪ್ರೊಸೆಸ್. ವೆಬ್ ಪುಟ ಬಿದ್ದರೂ, ಪಟ್ಟಿಯ ಅರ್ಧ ಸರ್ವಿಸ್‌ಗಳು ಸತ್ತರೂ ಟ್ಯಾಲಿಯ ವಿಎಂ ತನ್ನ ಪಾಡಿಗೆ ಓಡುತ್ತಿರಬಹುದು. ಆದ್ದರಿಂದ ಪುಟ ತೆರೆಯದಿದ್ದರೆ ಮೊದಲು ಹೋಸ್ಟ್‌ನ ಪವರ್ ಗುಂಡಿಗೆ ಕೈ ಹಾಕಬಾರದು. ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಕಮಾಂಡ್ ಕೊಡುವ ದಾರಿ) ಒಳಗೆ ಹೋಗಿ ‘ಪಿಎಸ್ ಆಕ್ಸ್’ ಕೊಟ್ಟು ಕೆವಿಎಂ ಸಾಲುಗಳನ್ನು ಎಣಿಸಿ. ವಿಎಂಗಳ ಪಟ್ಟಿ ಕೊಡುವ ‘ಕ್ಯೂಎಂ ಲಿಸ್ಟ್’ ಇಲ್ಲಿ ಸಾಲದು. ಅದು ಪ್ರಾಕ್ಸ್‌ಮಾಕ್ಸ್‌ನ ಸೆಟ್ಟಿಂಗ್‌ಗಳಿರುವ /ಇಟಿಸಿ/ಪಿವಿಇ ಓದಿ ಉತ್ತರಿಸುತ್ತದೆ, ಆ ಫೋಲ್ಡರ್‌ಗೇ ತೊಂದರೆಯಾದಾಗ ಓಡುತ್ತಿರುವ ವಿಎಂಗಳನ್ನೂ ಅದು ತೋರಿಸುವುದಿಲ್ಲ.

ಈಗ ಪಟ್ಟಿ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಬರೋಣ. ಅತಿ ಸಾಮಾನ್ಯ ದೃಶ್ಯ: ಎಡಗಡೆಯ ವಿಎಂಗಳೆಲ್ಲ ಬೂದು ಬಣ್ಣಕ್ಕೆ ತಿರುಗಿ, ಪ್ರತಿಯೊಂದರ ಮೇಲೂ ಪ್ರಶ್ನಾರ್ಥಕ ಚಿಹ್ನೆ. ಗ್ರಾಫ್ ನಿಂತುಹೋಗಿದೆ. ಸರ್ವಿಸ್ ಪಟ್ಟಿಯಲ್ಲಿ ಮಾತ್ರ ಪಿವಿಇಸ್ಟಾಟ್‌ಡಿ ‘ರನ್ನಿಂಗ್’. ಈ ಸರ್ವಿಸ್ ಸುಮಾರು 10 ಸೆಕೆಂಡಿಗೊಮ್ಮೆ ಒಂದು ಸುತ್ತು ಹೋಗಿ ವಿಎಂ, ಕಂಟೇನರ್, ಸ್ಟೋರೇಜ್‌ಗಳ ಸ್ಥಿತಿ ಕೇಳಿ ಬರುತ್ತದೆ. ಸುತ್ತಿನ ನಡುವೆ ಎನ್‌ಎಫ್‌ಎಸ್ ಮೂಲಕ ಜೋಡಿಸಿದ ನ್ಯಾಸ್ ಪೆಟ್ಟಿಗೆ (ನೆಟ್‌ವರ್ಕ್‌ನಲ್ಲಿರುವ ಡಿಸ್ಕ್ ಸಂಗ್ರಹ) ಉತ್ತರ ಕೊಡದಿದ್ದರೆ ಅಲ್ಲೇ ಕಾದು ನಿಲ್ಲುತ್ತದೆ. ಪ್ರೊಸೆಸ್ ಸತ್ತಿಲ್ಲ, ಆದ್ದರಿಂದ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಲೆಕ್ಕದಲ್ಲಿ ಎಲ್ಲ ಕ್ಷೇಮ. ಹೊಸ ಸುದ್ದಿ ಬಾರದೆ ಕೆಲವು ನಿಮಿಷವಾದಾಗ ಪುಟ ಎಲ್ಲದರ ಮೇಲೂ ಪ್ರಶ್ನಾರ್ಥಕ ಹಾಕುತ್ತದೆ. ಕಾರಣ ನ್ಯಾಸ್ ಒಂದೇ ಆದರೂ, ಲೋಕಲ್ ಡಿಸ್ಕ್‌ನಲ್ಲಿ ಚೆನ್ನಾಗಿ ಓಡುತ್ತಿರುವ ವಿಎಂಗಳೂ ಹೋದಂತೆ ಕಾಣುತ್ತವೆ.

ನಮ್ಮ ಕಡೆ ಇದು ಮಳೆಗಾಲದ ಕಾಯಿಲೆ. ಸರ್ವರ್ ಯುಪಿಎಸ್‌ನಲ್ಲಿರುತ್ತದೆ, ನ್ಯಾಸ್ ಅಥವಾ ನಡುವಿನ ಸ್ವಿಚ್ ಇರುವುದಿಲ್ಲ. ಕರೆಂಟ್ ಹೋಗಿ ಬಂದಾಗ ಹೋಸ್ಟ್‌ಗೆ ಏನೂ ಆಗಿರುವುದಿಲ್ಲ, ಪಿವಿಇಸ್ಟಾಟ್‌ಡಿ ಮಾತ್ರ ಸಿಕ್ಕಿಹಾಕಿಕೊಂಡಿರುತ್ತದೆ. ಪರೀಕ್ಷಿಸುವ ಕ್ರಮ ಹೀಗೆ: ‘ಟೈಮ್‌ಔಟ್ 10 ಪಿವಿಇಎಸ್‌ಎಂ ಸ್ಟೇಟಸ್’ ಕೊಡಿ. 10 ಸೆಕೆಂಡಿನಲ್ಲಿ ಪಟ್ಟಿ ಬಾರದಿದ್ದರೆ ಯಾವುದೋ ಸ್ಟೋರೇಜ್ ಹಿಡಿದುಕೊಂಡಿದೆ. ‘ಪಿಎಸ್’ನ ಸ್ಥಿತಿ ಕಾಲಂನಲ್ಲಿ ‘ಡಿ’ ಅಕ್ಷರ ಇರುವ ಪ್ರೊಸೆಸ್‌ಗಳನ್ನು ನೋಡಿ. ‘ಡಿ’ ಎಂದರೆ ಕರ್ನಲ್‌ನೊಳಗೆ ಡಿಸ್ಕ್ ಅಥವಾ ನೆಟ್‌ವರ್ಕ್‌ಗಾಗಿ ಕಾಯುತ್ತಿದೆ. ‘ಕಿಲ್ -9’ ಕೊಟ್ಟರೂ ಸಾಯದೇ ಇರಬಹುದು. ಆಗ ಮೊದಲ ಮದ್ದು ನ್ಯಾಸ್ ಅನ್ನು ಅದೇ ಐಪಿಯಲ್ಲಿ ವಾಪಸ್ ಎಬ್ಬಿಸುವುದು. ಅದು ಆಗದಿದ್ದರೆ ‘ಪಿವಿಇಎಸ್‌ಎಂ ಸೆಟ್’ ಕಮಾಂಡ್‌ನಿಂದ ಆ ಸ್ಟೋರೇಜ್‌ಗೆ ‘ಡಿಸೇಬಲ್ 1’ ಹಾಕಿ, /ಎಂಎನ್‌ಟಿ/ಪಿವಿಇ ಕೆಳಗಿನ ಅದರ ಫೋಲ್ಡರನ್ನು ‘ಯುಮೌಂಟ್ -ಎಫ್ -ಎಲ್’ ಮಾಡಿ, ಕೊನೆಗೆ ಪಿವಿಇಸ್ಟಾಟ್‌ಡಿ ರೀಸ್ಟಾರ್ಟ್ ಮಾಡಿ. ಕ್ರಮ ತಿರುವುಮುರುವಾದರೆ, ಅಂದರೆ ಡಿಸೇಬಲ್ ಮಾಡದೆ ಬರೀ ರೀಸ್ಟಾರ್ಟ್ ಮಾಡಿದರೆ, ಮುಂದಿನ ಸುತ್ತಿನಲ್ಲೇ ಮತ್ತೆ ಅಲ್ಲೇ ಸಿಕ್ಕಿಬೀಳುತ್ತದೆ. ಆ ನ್ಯಾಸ್ ಮೇಲೆ ಡಿಸ್ಕ್ ಇಟ್ಟಿರುವ ವಿಎಂ ಇದ್ದರೆ ಯುಮೌಂಟ್‌ಗೆ ಮೊದಲು ಎರಡು ಸಲ ಯೋಚಿಸಿ. ಬ್ಯಾಕಪ್ ಮಾತ್ರ ಇಟ್ಟಿದ್ದರೆ ಅಷ್ಟು ಭಯವಿಲ್ಲ.

ಇಲ್ಲೇ ಸೇರಬೇಕಾದ ಒಂದು ಸೂಕ್ಷ್ಮ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಹೊರಗಿನ ಅಂಕಿ ಸಂಗ್ರಹಗಳಾದ ಇನ್‌ಫ್ಲಕ್ಸ್‌ಡಿಬಿ ಅಥವಾ ಗ್ರಾಫೈಟ್‌ಗೆ ಅಂಕಿಅಂಶ ಕಳಿಸುವ ವ್ಯವಸ್ಥೆ ಇದೆ. ಅದನ್ನು ಕಳಿಸುವುದೂ ಪಿವಿಇಸ್ಟಾಟ್‌ಡಿಯೇ. ಅದು ಸಿಕ್ಕಿಬಿದ್ದ ಗಳಿಗೆಯಿಂದ ಅಲ್ಲಿಗೂ ಸುದ್ದಿ ನಿಲ್ಲುತ್ತದೆ. ಆದ್ದರಿಂದ ಅಲ್ಲಿ ಎಚ್ಚರಿಕೆ ಇಡುವುದಾದರೆ ‘ಅಂಕಿ ಹೆಚ್ಚಾದರೆ’ ಎಂಬುದರ ಜೊತೆಗೆ ‘ಅಂಕಿ 5 ನಿಮಿಷ ಬಾರದಿದ್ದರೆ’ ಎಂಬುದನ್ನೂ ಇಡಿ.

ಎರಡನೆಯ ದೃಶ್ಯ: 8006ರಲ್ಲಿ ಪುಟವೇ ತೆರೆಯುತ್ತಿಲ್ಲ, ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಪಿವಿಇಪ್ರಾಕ್ಸಿ’ ಮಾತ್ರ ‘ಆ್ಯಕ್ಟಿವ್, ರನ್ನಿಂಗ್’ ಎನ್ನುತ್ತಿದೆ. ಕೆಳಗಿನ ಲಾಗ್ ಸಾಲುಗಳನ್ನು ಓದಿದರೆ ಗುಟ್ಟು ರಟ್ಟಾಗುತ್ತದೆ: ಮುಖ್ಯ ಪ್ರೊಸೆಸ್ ಬದುಕಿದೆ, ಅದು ಹುಟ್ಟಿಸುವ ವರ್ಕರ್‌ಗಳು ಪ್ರೈವೇಟ್ ಕೀ ಓದಲಾಗಲಿಲ್ಲ ಎಂದು ಹೇಳಿ ಸಾಯುತ್ತವೆ, ಮತ್ತೆ ಹುಟ್ಟುತ್ತವೆ, ಮತ್ತೆ ಸಾಯುತ್ತವೆ. ಕೀ ಇರುವುದು /ಇಟಿಸಿ/ಪಿವಿಇ ಒಳಗೆ. ಅದು ಸಾಮಾನ್ಯ ಫೋಲ್ಡರ್ ಅಲ್ಲ. ಪಿವಿಇ-ಕ್ಲಸ್ಟರ್ ಎಂಬ ಸರ್ವಿಸ್ ಒಂದು ಎಸ್‌ಕ್ಯೂಲೈಟ್ ಡೇಟಾಬೇಸಿನಿಂದ ಕಟ್ಟಿ ತೋರಿಸುವ ಕಡತ ವ್ಯವಸ್ಥೆ. ಹೆಸರಿನಲ್ಲಿ ಕ್ಲಸ್ಟರ್ ಇದೆಯೆಂದು ಒಂಟಿ ಹೋಸ್ಟ್‌ನವರು ಅದನ್ನು ಕಡೆಗಣಿಸುತ್ತಾರೆ. ಒಂಟಿ ಹೋಸ್ಟ್‌ಗೂ ಅದೇ ಜೀವಾಳ. ಅದು ಬಿದ್ದರೆ /ಇಟಿಸಿ/ಪಿವಿಇ ಬರಿದು, ಬರಿದಾದರೆ ಕೀ ಇಲ್ಲ, ಕೀ ಇಲ್ಲದೆ ಪುಟ ಇಲ್ಲ. ದೂರು ಬರುವುದು ಪ್ರಾಕ್ಸಿಯ ಮೇಲೆ, ರೋಗ ಇರುವುದು ಕ್ಲಸ್ಟರ್‌ನಲ್ಲಿ.

ಪಿವಿಇ-ಕ್ಲಸ್ಟರ್ ಬೀಳಲು ಎರಡು ಕಾರಣ ಪದೇಪದೇ ಸಿಗುತ್ತವೆ. ಒಂದು, ರೂಟರ್ ಬದಲಾಯಿಸಿದಾಗ ಹೋಸ್ಟ್‌ನ ಐಪಿ ಬದಲಿಸಿ, /ಇಟಿಸಿ/ಹೋಸ್ಟ್ಸ್ ಫೈಲಿನಲ್ಲಿ ಹಳೆಯದನ್ನೇ ಬಿಟ್ಟಿರುವುದು ಅಥವಾ ನೋಡ್‌ನ ಹೆಸರಿನ ಸಾಲನ್ನೇ ಅಳಿಸಿರುವುದು. ನೋಡ್‌ನ ಹೆಸರಿಗೆ 127ರಿಂದ ಶುರುವಾಗದ ನಿಜವಾದ ಐಪಿ ಸಿಗದಿದ್ದರೆ ಈ ಸರ್ವಿಸ್ ಏಳುವುದೇ ಇಲ್ಲ. ಐಪಿ ಬದಲಿಸುವಾಗ ಇಂಟರ್‌ಫೇಸಸ್ ಫೈಲ್, ಹೋಸ್ಟ್ಸ್ ಫೈಲ್ ಎರಡನ್ನೂ ಒಟ್ಟಿಗೇ ತಿದ್ದಿ, ‘ಹೋಸ್ಟ್‌ನೇಮ್ --ಐಪಿ-ಅಡ್ರೆಸ್’ ಕೊಟ್ಟು ಹೊಸದೇ ಬರುತ್ತಿದೆಯೇ ಎಂದು ನೋಡಿ, ಆಮೇಲೆ ರೀಬೂಟ್ ಮಾಡಿ.

ಎರಡನೆಯದು ರೂಟ್ ಡಿಸ್ಕ್ (ಹೋಸ್ಟ್‌ನ ತಂತ್ರಾಂಶವೇ ಇರುವ ಡಿಸ್ಕ್) ತುಂಬಿರುವುದು. ಇದು ಇನ್ನೂ ಮೋಸದ್ದು, ಏಕೆಂದರೆ ಸರ್ವಿಸ್ ಓಡುತ್ತಲೇ ಇರುತ್ತದೆ, ಬರೆಯಲು ಮಾತ್ರ ಆಗುವುದಿಲ್ಲ. ಪಾಸ್‌ವರ್ಡ್ ಸರಿ ಕೊಟ್ಟರೂ ಲಾಗಿನ್ ಆಗದಿರಬಹುದು. ‘ಡಿಎಫ್ -ಎಚ್’ನಲ್ಲಿ ರೂಟ್ 100 ಶೇಕಡ ಕಂಡರೆ ಬೇರೆಲ್ಲೂ ಹುಡುಕಬೇಡಿ. ಸಣ್ಣ ಕಚೇರಿಗಳಲ್ಲಿ ಇದರ ಹಿಂದೆ ಹೆಚ್ಚಾಗಿ ಯುಎಸ್‌ಬಿ ಬ್ಯಾಕಪ್ ಡಿಸ್ಕ್ ಇರುತ್ತದೆ. ಅದನ್ನು ‘ಡೈರೆಕ್ಟರಿ’ ಬಗೆಯ ಸ್ಟೋರೇಜ್ ಆಗಿ ಸೇರಿಸಿರುತ್ತಾರೆ. ಯಾರೋ ಕೇಬಲ್ ಕಿತ್ತರೆ ಅಥವಾ ಬೂಟ್ ವೇಳೆ ಡಿಸ್ಕ್ ಮೌಂಟ್ ಆಗದಿದ್ದರೆ, ಬ್ಯಾಕಪ್ ಆ ಖಾಲಿ ಫೋಲ್ಡರಿನೊಳಗೆ, ಅಂದರೆ ರೂಟ್ ಡಿಸ್ಕ್‌ಗೇ ಬರೆಯುತ್ತದೆ. ಒಂದೆರಡು ರಾತ್ರಿಯಲ್ಲಿ ಭರ್ತಿ. ಪರಿಹಾರ ಒಂದೇ ಸಾಲಿನದು: ಆ ಸ್ಟೋರೇಜ್‌ಗೆ ‘ಪಿವಿಇಎಸ್‌ಎಂ ಸೆಟ್’ನಿಂದ ‘ಇಸ್_ಮೌಂಟ್‌ಪಾಯಿಂಟ್ ಯೆಸ್’ ಹಾಕುವುದು. ಆಮೇಲೆ ಡಿಸ್ಕ್ ಇಲ್ಲದ ದಿನ ಬ್ಯಾಕಪ್ ತಪ್ಪಾಯಿತೆಂದು ಕೂಗುತ್ತದೆಯೇ ಹೊರತು ರೂಟ್ ತುಂಬುವುದಿಲ್ಲ. ಇದನ್ನು ವೆಬ್ ಪುಟದಲ್ಲಿ ಒಂದು ಗುಂಡಿಯಾಗಿ ಕಣ್ಣಿಗೆ ಬೀಳುವಂತೆ ಕೊಡಬೇಕಿತ್ತು. ಕಮಾಂಡ್ ಗೊತ್ತಿಲ್ಲದವರಿಗೆ ಇದು ಇದೆ ಎಂದೇ ತಿಳಿಯುವುದಿಲ್ಲ. ಈಗಾಗಲೇ ತುಂಬಿದ್ದರೆ ಯುಎಸ್‌ಬಿ ಡಿಸ್ಕ್ ಯುಮೌಂಟ್ ಮಾಡಿ, ‘ಡಿಯು -ಎಕ್ಸ್’ ಕೊಟ್ಟು ನೋಡಿ. ಡಿಸ್ಕ್ ಮೌಂಟ್ ಆಗಿರುವಾಗ ಅಡಿಯಲ್ಲಿ ಅಡಗಿದ ಫೈಲುಗಳು ಕಾಣುವುದಿಲ್ಲ.

ಬ್ಯಾಕಪ್ ವಿಷಯಕ್ಕೇ ಬಂದರೆ, ನಿಗದಿತ ಬ್ಯಾಕಪ್ ಶುರುಮಾಡುವ ಪಿವಿಇಶೆಡ್ಯೂಲರ್ ‘ರನ್ನಿಂಗ್’ ಇದೆ ಎಂಬುದು ನಿನ್ನೆ ರಾತ್ರಿ ಬ್ಯಾಕಪ್ ಆಯಿತೆಂಬುದಕ್ಕೆ ಸಾಕ್ಷಿಯಲ್ಲ. ಪುಟದ ಕೆಳಗಿನ ಟಾಸ್ಕ್ ಸಾಲುಗಳಲ್ಲಿ ‘ಓಕೆ’ ಇದೆಯೇ ನೋಡಬೇಕು. ಮೇಲ್ ಕಳಿಸುವ ಪೋಸ್ಟ್‌ಫಿಕ್ಸ್ ಕಥೆಯೂ ಅದೇ: ಸರ್ವಿಸ್ ಓಡುತ್ತಿರುತ್ತದೆ, ತಪ್ಪಿನ ಸುದ್ದಿ ಹೊತ್ತ ಮೇಲ್‌ಗಳು ಹೊರಹೋಗದೆ ಸಾಲುಗಟ್ಟಿರುತ್ತವೆ. ‘ಮೇಲ್‌ಕ್ಯೂ’ ಕೊಟ್ಟರೆ ಎಷ್ಟು ಬಾಕಿ ಎಂದು ತಿಳಿಯುತ್ತದೆ.

ಎರಡು ಹೋಸ್ಟ್ ಜೋಡಿಸಿ ಕ್ಲಸ್ಟರ್ ಮಾಡಿದವರಿಗೆ ಕೊರೊಸಿಂಕ್‌ನ ‘ರನ್ನಿಂಗ್’ ಇನ್ನಷ್ಟು ದಾರಿ ತಪ್ಪಿಸುತ್ತದೆ. ಹೋಸ್ಟ್‌ಗೊಂದರಂತೆ ಎರಡು ಮತಗಳ ಕ್ಲಸ್ಟರ್‌ನಲ್ಲಿ ಬಹುಮತಕ್ಕೆ ಎರಡೂ ಬೇಕು. ಒಂದು ಹೋಸ್ಟ್ ಆಫ್ ಆದರೆ ಉಳಿದದ್ದರಲ್ಲಿ ಕೊರೊಸಿಂಕ್ ಓಡುತ್ತಿರುತ್ತದೆ, ವಿಎಂಗಳೂ ಓಡುತ್ತಿರುತ್ತವೆ, ಆದರೆ /ಇಟಿಸಿ/ಪಿವಿಇ ಓದಲಷ್ಟೇ ಸಿಗುತ್ತದೆ. ನಿಂತ ವಿಎಂ ಎಬ್ಬಿಸಲು, ಸೆಟ್ಟಿಂಗ್ ಬದಲಿಸಲು ಆಗದು. ನೋಡಬೇಕಾದ್ದು ‘ಪಿವಿಇಸಿಎಂ ಸ್ಟೇಟಸ್’ನ ‘ಕ್ವೊರೇಟ್’ (ಬಹುಮತ ಇದೆಯೇ ಎಂಬ) ಸಾಲು. ತುರ್ತಿಗೆ, ಒಂದೇ ಮತ ಸಾಕೆನ್ನುವ ‘ಪಿವಿಇಸಿಎಂ ಎಕ್ಸ್‌ಪೆಕ್ಟೆಡ್ 1’ ಇದೆ. ಆದರೆ ಇನ್ನೊಂದು ಹೋಸ್ಟ್ ನಿಜವಾಗಿ ಆಫ್ ಆಗಿದೆ ಎಂದು ಕಣ್ಣಾರೆ ಕಂಡಮೇಲೆ ಮಾತ್ರ. ಎರಡರ ನಡುವಿನ ಕೇಬಲ್ ಮಾತ್ರ ಹೋಗಿದ್ದು, ಹಂಚಿಕೆಯ ಸ್ಟೋರೇಜ್‌ನಲ್ಲಿರುವ ಒಂದೇ ವಿಎಂ ಎರಡೂ ಕಡೆ ಎದ್ದರೆ ಡಿಸ್ಕ್ ಹಾಳು.

ಮಂಗಳೂರಿನಲ್ಲಿ ಮುಖ್ಯ ಕಚೇರಿ, ಉಡುಪಿಯಲ್ಲಿ ಶಾಖೆ ಇರುವವರು ಅಲ್ಲೊಂದು ಇಲ್ಲೊಂದು ಹೋಸ್ಟ್ ಇಟ್ಟು ಒಂದೇ ಕ್ಲಸ್ಟರ್ ಮಾಡುವ ಆಸೆ ಬಿಡುವುದು ಲೇಸು. ನೋಡ್‌ಗಳ ನಡುವಿನ ವಿಳಂಬ 5 ಮಿಲಿಸೆಕೆಂಡಿಗಿಂತ ಕಡಿಮೆ ಇರಬೇಕೆಂದು ಪ್ರಾಕ್ಸ್‌ಮಾಕ್ಸ್ ಹೇಳುತ್ತದೆ. ಸುಮಾರು 60 ಕಿಲೋಮೀಟರ್ ದೂರಕ್ಕೆ ಬೆಳಕಿಗೆ ಅಷ್ಟು ಹೊತ್ತು ಬೇಕಿಲ್ಲ, ನಿಜ. ಆದರೆ ಸಾಮಾನ್ಯ ಇಂಟರ್‌ನೆಟ್ ಮೇಲಿನ ವಿಪಿಎನ್ ಆ ಅಂಕೆಯನ್ನು ದಿನವಿಡೀ ಉಳಿಸಿಕೊಳ್ಳುವ ಭರವಸೆ ಇಟ್ಟುಕೊಳ್ಳಬಾರದು. ಎರಡೂ ಹೋಸ್ಟ್ ಒಂದೇ ಕಟ್ಟಡದಲ್ಲಿಟ್ಟು, ಮೂರನೇ ಮತಕ್ಕೆ ಒಂದು ಚಿಕ್ಕ ಡೆಬಿಯನ್ ಯಂತ್ರದಲ್ಲಿ ಕೊರೊಸಿಂಕ್-ಕ್ಯೂನೆಟ್‌ಡಿ ಹಾಕಿ ‘ಪಿವಿಇಸಿಎಂ ಕ್ಯೂಡಿವೈಸ್ ಸೆಟಪ್’ ಮಾಡುವುದು ಸರಿ. ವಿಳಂಬದ ಬಿಗಿ ಷರತ್ತು ಈ ಮೂರನೇ ಯಂತ್ರಕ್ಕೆ ಇಲ್ಲ, ಹಾಗಾಗಿ ಬೇಕಾದರೆ ಅದನ್ನು ಉಡುಪಿಯಲ್ಲಿಡಿ. ಸೆಟಪ್ ಮಾಡುವಾಗ ಎಸ್‌ಎಸ್‌ಎಚ್ ಕೂಡ ಬೇಕು, ಆಮೇಲೆ ಟಿಸಿಪಿ 5403 ತೆರೆದಿದ್ದರೆ ಸಾಕು.

ರಾತ್ರಿಯ ಗುಡುಗು ಮಳೆಯಲ್ಲಿ ಹೋಸ್ಟ್ ಆಫ್ ಆಗಿ ಬೆಳಗ್ಗೆ ತಾನಾಗಿ ಎದ್ದಿದೆ ಎನ್ನಿ. ಪಟ್ಟಿಯಲ್ಲಿ ಎಲ್ಲ ‘ರನ್ನಿಂಗ್’, ಆದರೂ ಎರಡು ವಿಎಂ ಎದ್ದಿಲ್ಲ. ನ್ಯಾಸ್ ಏಳಲು ಮೂರು ನಿಮಿಷ, ಹೋಸ್ಟ್‌ಗೆ ಒಂದೂವರೆ ನಿಮಿಷ; ಡಿಸ್ಕ್ ಸಿಗುವ ಮೊದಲೇ ಎಬ್ಬಿಸಲು ಹೋಗಿ ಸೋತಿದೆ. ‘ಪಿವಿಇನೋಡ್ ಕಾನ್ಫಿಗ್ ಸೆಟ್ --ಸ್ಟಾರ್ಟಾಲ್-ಆನ್‌ಬೂಟ್-ಡಿಲೇ 180’ ಎಂದರೆ ಅಷ್ಟು ಸೆಕೆಂಡು ಕಾಯುತ್ತದೆ, 300ರವರೆಗೆ ಕೊಡಬಹುದು. ಹಳೆಯ ಸರ್ವರ್ ಆಗಿದ್ದರೆ ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಸತ್ತು ಗಡಿಯಾರ ಹಿಂದಕ್ಕೆ ಹೋಗಿರಲೂಬಹುದು. ಕ್ರೋನಿ ಓಡುತ್ತಿರುತ್ತದೆ, ಇಂಟರ್‌ನೆಟ್ ಇನ್ನೂ ಬಂದಿರುವುದಿಲ್ಲ. ಆಗ ‘ಇನ್‌ವ್ಯಾಲಿಡ್ ಪಿವಿಇ ಟಿಕೆಟ್’ ಎಂಬ ದೂರು ಬಂದರೆ ಪಾಸ್‌ವರ್ಡ್ ಬದಲಿಸಲು ಹೋಗಬೇಡಿ, ‘ಕ್ರೋನಿಸಿ ಟ್ರ್ಯಾಕಿಂಗ್’ ನೋಡಿ.

ಕರಾವಳಿಯವರಿಗೆ ಅತಿ ಅಗತ್ಯವಾದ ಸರ್ವಿಸ್ ಈ ಪಟ್ಟಿಯಲ್ಲೇ ಇಲ್ಲ ಎಂಬುದು ನಮ್ಮ ದೊಡ್ಡ ಆಕ್ಷೇಪ. ಪರದೆ ಪ್ರಾಕ್ಸ್‌ಮಾಕ್ಸ್ ಗೊತ್ತುಮಾಡಿದ ಹೆಸರುಗಳನ್ನಷ್ಟೇ ತೋರಿಸುತ್ತದೆ. ಯುಪಿಎಸ್ ಬ್ಯಾಟರಿ ಮುಗಿಯುವ ಮೊದಲು ಹೋಸ್ಟನ್ನು ಮರ್ಯಾದೆಯಿಂದ ಆಫ್ ಮಾಡಲು ನೀವು ಹಾಕಿಕೊಂಡ ನಟ್ ತಂತ್ರಾಂಶ ಅಲ್ಲಿ ಕಾಣದು, ಸೇರಿಸಲು ದಾರಿಯೂ ಇಲ್ಲ. ನಟ್‌ನ ವಿಷಯದಲ್ಲೂ ‘ರನ್ನಿಂಗ್’ ನಂಬುವಂತಿಲ್ಲ: ಯುಎಸ್‌ಬಿ ತಂತಿ ಸಡಿಲವಾದರೆ ಮಾನಿಟರ್ ಸರ್ವಿಸ್ ಓಡುತ್ತಲೇ ಇರುತ್ತದೆ, ಯುಪಿಎಸ್ ಮಾತ್ರ ಅದಕ್ಕೆ ಕಾಣಿಸದು. ‘ಯುಪಿಎಸ್‌ಸಿ’ ಕಮಾಂಡ್‌ನಲ್ಲಿ ‘ಯುಪಿಎಸ್ ಡಾಟ್ ಸ್ಟೇಟಸ್’ ಕೇಳಿದರೆ ‘ಓಎಲ್’ (ಕರೆಂಟ್‌ನಲ್ಲಿದೆ) ಬರಬೇಕು. ‘ಡೇಟಾ ಸ್ಟೇಲ್’ ಬಂದರೆ ಸಂಪರ್ಕ ಕಡಿದಿದೆ. ಉಪ್ಪುಗಾಳಿ, ತೇವ ಇರುವ ಮಲ್ಪೆ, ಪಣಂಬೂರಿನಂಥ ಕಡೆ ಯುಎಸ್‌ಬಿ ಮತ್ತು ಲ್ಯಾನ್ ಕನೆಕ್ಟರ್‌ಗಳ ಪಿನ್ ಕಿಲುಬು ಹಿಡಿಯುತ್ತದೆ, ಆದ್ದರಿಂದ ಮೇ ತಿಂಗಳಲ್ಲೇ ಒಮ್ಮೆ ಯುಪಿಎಸ್‌ನ ಪ್ಲಗ್ ತೆಗೆದು ಸ್ಥಿತಿ ‘ಓಬಿ’ಗೆ (ಬ್ಯಾಟರಿಯಲ್ಲಿದೆ) ತಿರುಗುತ್ತದೆಯೇ ಎಂದು ನೋಡಿಕೊಳ್ಳಿ.

ರೀಸ್ಟಾರ್ಟ್ ಗುಂಡಿಯ ಬಗ್ಗೆ. ಪಿವಿಇಪ್ರಾಕ್ಸಿ, ಪಿವಿಇಡೀಮನ್, ಪಿವಿಇಸ್ಟಾಟ್‌ಡಿ ಮೂರನ್ನೂ ಹಗಲು ಹೊತ್ತಿನಲ್ಲೇ ರೀಸ್ಟಾರ್ಟ್ ಮಾಡಬಹುದು, ವಿಎಂಗಳಿಗೆ ತಾಗುವುದಿಲ್ಲ. ಪಿವಿಇ-ಗೆಸ್ಟ್ಸ್ ಅನ್ನು ಕಮಾಂಡ್‌ನಿಂದಲೂ ಮುಟ್ಟಬಾರದು: ಅದನ್ನು ನಿಲ್ಲಿಸುವುದೆಂದರೆ ಎಲ್ಲ ವಿಎಂಗಳನ್ನೂ ಶಟ್‌ಡೌನ್ ಮಾಡುವುದೆಂದರ್ಥ, ರೀಸ್ಟಾರ್ಟ್‌ನ ಮೊದಲರ್ಧ ಅದೇ. ಎಲ್‌ಎಕ್ಸ್‌ಸಿಎಫ್‌ಎಸ್ ರೀಸ್ಟಾರ್ಟ್ ಮಾಡಿದರೆ ಓಡುತ್ತಿರುವ ಕಂಟೇನರ್‌ಗಳೊಳಗೆ ಮೆಮೊರಿ, ಸಿಪಿಯು ಅಂಕಿ ಓದುವುದು ಕೆಡುತ್ತದೆ. ಹೈ ಅವೈಲಬಿಲಿಟಿ (ಒಂದು ಹೋಸ್ಟ್ ಬಿದ್ದರೆ ಅದರ ವಿಎಂಗಳನ್ನು ಇನ್ನೊಂದರಲ್ಲಿ ಎಬ್ಬಿಸುವ ವ್ಯವಸ್ಥೆ) ಹಾಕಿರುವ ಕ್ಲಸ್ಟರ್‌ನಲ್ಲಿ ಅದರ ಕಾವಲು ಸರ್ವಿಸ್ ವಾಚ್‌ಡಾಗ್-ಮಕ್ಸ್ ನಿಲ್ಲಿಸಿದರೆ ಹೋಸ್ಟ್ ತಾನೇ ರೀಸೆಟ್ ಆಗಬಹುದು. ಅಲ್ಲಿ ಕೊರೊಸಿಂಕ್ ಸಂಪರ್ಕ ಸುಮಾರು ಒಂದು ನಿಮಿಷ ತಪ್ಪಿದರೂ ಅದೇ ಗತಿ.

ಬೇರೆಯವರ ಜೊತೆ ಹೋಲಿಸಿದರೆ? ವಿಎಂವೇರ್ ಇಎಸ್‌ಎಕ್ಸ್‌ಐನಲ್ಲಿ ‘ಮ್ಯಾನೇಜ್’ನ ಒಳಗೆ ಇಂಥದೇ ಸರ್ವಿಸ್ ಪಟ್ಟಿ ಇದೆ, ಮುಖ್ಯವಾದ ಹೋಸ್ಟ್‌ಡಿಯ ಸ್ಥಿತಿಗೆ ಶೆಲ್‌ನಿಂದ ‘/ಇಟಿಸಿ/ಇನಿಟ್.ಡಿ/ಹೋಸ್ಟ್‌ಡಿ ಸ್ಟೇಟಸ್’. ಪುಟ ಬಿದ್ದಾಗ ಸರ್ವರ್‌ಗೆ ಜೋಡಿಸಿದ ಮಾನಿಟರ್‌ನಲ್ಲಿ ಎಫ್2 ಒತ್ತಿ ಮ್ಯಾನೇಜ್‌ಮೆಂಟ್ ಏಜೆಂಟ್‌ಗಳನ್ನು ರೀಸ್ಟಾರ್ಟ್ ಮಾಡುವ ಸೌಕರ್ಯ ಲಿನಕ್ಸ್ ಬಾರದವರಿಗೆ ನಿಜಕ್ಕೂ ಉಪಕಾರಿ, ಪ್ರಾಕ್ಸ್‌ಮಾಕ್ಸ್‌ನಲ್ಲಿ ಅದಿಲ್ಲ. ಆದರೆ 2023ರಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡಮೇಲೆ ಒಮ್ಮೆ ಕೊಂಡು ಶಾಶ್ವತವಾಗಿ ಬಳಸುವ ಲೈಸೆನ್ಸ್ ನಿಂತುಹೋಯಿತು, ಸಣ್ಣವರಿಗೆ ಲೆಕ್ಕ ಹೊಂದುವುದು ಕಷ್ಟ. ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಿ ವಿಎಂಎಂಎಸ್ ಎಂಬ ಸರ್ವಿಸ್ ಒಂದನ್ನು ‘ಗೆಟ್-ಸರ್ವಿಸ್’ನಿಂದ ಕೇಳಿದರೆ ಬಹುಪಾಲು ಮುಗಿಯಿತು; ಅದು ನಿಂತರೂ ವಿಎಂಗಳು ಓಡುತ್ತವೆ. ಬರೀ ಲಿಬ್‌ವರ್ಟ್ (ಲಿನಕ್ಸ್‌ನಲ್ಲಿ ವಿಎಂ ನಡೆಸುವ ಉಪಕರಣ) ಬಳಸುವವರು ಒಂದು ನೆನಪಿಡಬೇಕು: ಹೊಸ ವ್ಯವಸ್ಥೆಯಲ್ಲಿ ಅದರ ಡೀಮನ್ 120 ಸೆಕೆಂಡು ಕೆಲಸವಿಲ್ಲದಿದ್ದರೆ ತಾನಾಗಿ ಮಲಗುತ್ತದೆ, ಕರೆದಾಗ ಸಾಕೆಟ್ ಮೂಲಕ ಏಳುತ್ತದೆ. ಅಲ್ಲಿ ‘ಇನ್‌ಆ್ಯಕ್ಟಿವ್’ ತಪ್ಪಲ್ಲ. ಪ್ರಾಕ್ಸ್‌ಮಾಕ್ಸ್‌ನ ಸಮಸ್ಯೆಗೆ ನೇರ ತದ್ವಿರುದ್ಧ.

ಹಾಗಾದರೆ ದಿನನಿತ್ಯ ಏನು ನೋಡಬೇಕು? ಐದು ನಿಮಿಷಕ್ಕೊಮ್ಮೆ ಓಡುವ ಒಂದು ಸಣ್ಣ ಸ್ಕ್ರಿಪ್ಟ್ ಸಾಕು, ಸರ್ವಿಸ್‌ನ ಹೆಸರು ಕೇಳುವ ಬದಲು ಕೆಲಸ ಮಾಡಿಸಿ ನೋಡುವಂಥದ್ದು. ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ಖಾಲಿ ಬರಬೇಕು. ‘ಕರ್ಲ್ -ಕೆ’ ಕೊಟ್ಟರೆ 8006ರಿಂದ 200 ಎಂಬ ಉತ್ತರ ಬರಬೇಕು. /ಇಟಿಸಿ/ಪಿವಿಇ ಒಳಗೆ ಒಂದು ಫೈಲ್ ಬರೆದು ಅಳಿಸಲು ಆಗಬೇಕು. ‘ಪಿವಿಇಎಸ್‌ಎಂ ಸ್ಟೇಟಸ್’ 10 ಸೆಕೆಂಡಿನೊಳಗೆ ಮುಗಿಯಬೇಕು. ರೂಟ್ ಡಿಸ್ಕ್ 85 ಶೇಕಡ ದಾಟಿರಬಾರದು. ಜೆಡ್‌ಎಫ್‌ಎಸ್ ಕಡತ ವ್ಯವಸ್ಥೆ ಇದ್ದರೆ ‘ಜೆಡ್‌ಪೂಲ್ ಸ್ಟೇಟಸ್ -ಎಕ್ಸ್’ ಪೂಲ್‌ಗಳೆಲ್ಲ ಆರೋಗ್ಯವಾಗಿವೆ ಎನ್ನಬೇಕು. ಯುಪಿಎಸ್ ‘ಓಎಲ್’ ಇರಬೇಕು. ಪ್ರತಿ ಕಮಾಂಡ್‌ನ ಮುಂದೆ ‘ಟೈಮ್‌ಔಟ್’ ಕಡ್ಡಾಯ. ಇಲ್ಲವಾದರೆ ನ್ಯಾಸ್ ಹ್ಯಾಂಗ್ ಆದ ದಿನ ಸ್ಕ್ರಿಪ್ಟೂ ಪಿವಿಇಸ್ಟಾಟ್‌ಡಿಯ ಪಕ್ಕದಲ್ಲೇ ಕಾಯುತ್ತಾ ನಿಲ್ಲುತ್ತದೆ. ಎಲ್ಲ ಸರಿಯಿದ್ದಾಗ ಹೊರಗಿನ ಒಂದು ಯಂತ್ರಕ್ಕೆ ‘ಸರಿಯಿದೆ’ ಎಂಬ ಕರೆ ಹೋಗಲಿ, ಕರೆ ಬಾರದಿದ್ದಾಗ ಆ ಯಂತ್ರ ಫೋನಿಗೆ ಎಚ್ಚರಿಕೆ ಕಳಿಸಲಿ. ಅಪ್‌ಟೈಮ್ ಕುಮಾ ಎಂಬ ನಿಗಾ ತಂತ್ರಾಂಶದಲ್ಲಿ ಇದಕ್ಕೆ ‘ಪುಶ್’ ಬಗೆಯ ಮಾನಿಟರ್ ಇದೆ. ಅದನ್ನು ಅದೇ ಹೋಸ್ಟ್‌ನ ವಿಎಂ ಒಂದರಲ್ಲಿ ಇಡಬೇಡಿ. ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ಆದರೂ ಆದೀತು, ಶಾಖೆಯ ಕಂಪ್ಯೂಟರ್ ಆದರೂ ಆದೀತು.